ರೊಟ್ಟಿ ಬಿಟ್ಟರೆ ಕರಗುವುದು ಏನು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ತೂಕ ಇಳಿಸಬೇಕೆಂದವರ ಕಣ್ಣು ಬೀಳುವುದು ರೊಟ್ಟಿಯ ಬುಟ್ಟಿಯ ಮೇಲೆ. ಮೊಬೈಲಿನಲ್ಲಿ ಓಡಾಡುವ ಏಳು ದಿನದ ‘ಜಿಎಂ ಡಯಟ್’ ಪಟ್ಟಿಯಲ್ಲೂ ಒಂದು ದಿನ ಬರೀ ಹಣ್ಣು, ಒಂದು ದಿನ ಬರೀ ತರಕಾರಿ, ಮತ್ತೊಂದು ದಿನ ಬಾಳೆಹಣ್ಣು-ಹಾಲು, ರೊಟ್ಟಿಗೆ ಜಾಗವಿಲ್ಲ. ಅಮೆರಿಕದ ಜನರಲ್ ಮೋಟರ್ಸ್ ತನ್ನ ನೌಕರರಿಗಾಗಿ ಮಾಡಿಸಿದ್ದೆಂಬ ಮಾತಿಗೆ ಆಧಾರವೇ ಇಲ್ಲ. ಕಾರು ಮಾಡುವವರು ಹೇಳಿದರೆ ನಾವು ಊಟ ಯಾಕೆ ಬಿಡಬೇಕೋ!

‘ವಾರದಲ್ಲಿ ಮೂರು ಕಿಲೊ ಕೊಬ್ಬು ಕರಗಿತು’ ಎನ್ನುವುದೇ ದೊಡ್ಡ ತಪ್ಪು ಕಲ್ಪನೆ. ನಮ್ಮ ಯಕೃತ್ತು, ಸ್ನಾಯುಗಳಲ್ಲಿ ಸುಮಾರು 400–500 ಗ್ರಾಂ ಗ್ಲೈಕೋಜನ್ ಕೂಡಿಟ್ಟಿರುತ್ತದೆ; ಅದರ ಒಂದೊಂದು ಗ್ರಾಮಿಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ರೊಟ್ಟಿ, ಅನ್ನ ನಿಂತ ಕೆಲವೇ ದಿನಗಳಲ್ಲಿ ಗ್ಲೈಕೋಜನ್ ಖರ್ಚಾಗಿ ಆ ನೀರು ಮೂತ್ರದಲ್ಲಿ ಹೋಗುತ್ತದೆ. ಒಂದೂವರೆ ಕಿಲೊದಷ್ಟು ಅಲ್ಲಿಗೇ ಇಳಿಯಿತು. ಒಂದು ಕಿಲೊ ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿ ಕೊರತೆಯಾಗಬೇಕು. ದಿನಕ್ಕೆ 2,000 ಕ್ಯಾಲರಿ ಖರ್ಚು ಮಾಡುವವರು ವಾರವಿಡೀ ಉಪವಾಸ ಬಿದ್ದರೂ ಲೆಕ್ಕ 14,000, ಎರಡು ಕಿಲೊ ಕೊಬ್ಬಿಗೂ ಸಾಲದು. ಎಂಟನೆಯ ದಿನ ಉಣ್ಣತೊಡಗಿದರೆ ನೀರು ವಾಪಸು ಬರುತ್ತದೆ, ಗೂಬೆ ಮಾತ್ರ ರೊಟ್ಟಿಯ ಮೇಲೆ ಕೂರುತ್ತದೆ.

ರೊಟ್ಟಿ ಮಾಡಿದ ತಪ್ಪಾದರೂ ಏನು? 100 ಗ್ರಾಂ ಜೋಳದಲ್ಲಿ ಸುಮಾರು 330 ಕ್ಯಾಲರಿ, 10 ಗ್ರಾಂ ಪ್ರೋಟೀನ್, ಹೆಚ್ಚುಕಡಿಮೆ ಅಷ್ಟೇ ನಾರು. ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಮಾತ್ರ. ರೊಟ್ಟಿ ಬಡಿಯಲು ಎಣ್ಣೆ ಬೇಡ, ನೀರು ಸವರಿದರೆ ಸಾಕು. ಲೆಕ್ಕ ತಪ್ಪುವುದು ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯಲ್ಲಿ, ಮತ್ತೆ ಮತ್ತೆ ಹಾಕಿಸಿಕೊಳ್ಳುವ ಶೇಂಗಾ ಹಿಂಡಿಯಲ್ಲಿ, ಸಂಜೆಯ ಮಿರ್ಚಿಯಲ್ಲಿ.

ಇನ್ನು ಬೆಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆ ಇರುವ ಕಡೆ ಇದನ್ನು ಹೇಳುವುದು ಕಷ್ಟ: 100 ಗ್ರಾಂ ಸಕ್ಕರೆಗೆ 400 ಕ್ಯಾಲರಿಯಾದರೆ ಬೆಲ್ಲಕ್ಕೆ 380ರ ಆಸುಪಾಸು. ಬೆಲ್ಲದ ಚಹಾದಿಂದ ಹೊಟ್ಟೆ ಇಳಿಯುವುದಿಲ್ಲ.

ಆ ಏಳು ದಿನದ ಪಟ್ಟಿಯ ಊಟದಲ್ಲಿ ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಬನಹಟ್ಟಿಯಲ್ಲಿ ಪಾಳಿ ಪೂರ್ತಿ ಓಡುವ ಮಗ್ಗದ ಮುಂದೆ ನಿಲ್ಲುವವರಿಗೆ ತಲೆ ಸುತ್ತಿದರೆ ಅದು ಬರೀ ಸುಸ್ತಲ್ಲ, ಅಪಾಯ. ತೂಕ ಬೇಗ ಇಳಿದಷ್ಟೂ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚು. ಕಿಡ್ನಿ ಕುಂದಿದವರಿಗೆ ಏಳೆಂಟು ಬಾಳೆಹಣ್ಣಿನ ಆ ಒಂದು ದಿನವೇ ಸಾಕು, ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪಬಹುದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ಪ್ರಕಾರ ವಾರಕ್ಕೆ ಅರ್ಧ ಕಿಲೊ ಇಳಿಕೆ ಸುರಕ್ಷಿತ. ಊಟ ದಿನಕ್ಕೆ 1,000 ಕ್ಯಾಲರಿಗಿಂತ ಕೆಳಗಿಳಿಯಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಶುಗರ್ ಗುಳಿಗೆ ತಗೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ಡಾಕ್ಟರನ್ನು ಕಂಡು ಔಷಧದ ಪ್ರಮಾಣ ಕೇಳಿಕೊಳ್ಳಬೇಕು. ಗುಳಿಗೆ ಅಷ್ಟೇ ಇದ್ದು ಊಟ ಮಾತ್ರ ತಪ್ಪಿದರೆ ಶುಗರ್ ಕುಸಿದು ಎಚ್ಚರ ತಪ್ಪಬಹುದು.