ದವಡೆಯ ಗಂಟನ್ನು ಗುರುತಿಸುವವರು

2019ರಲ್ಲಿ ಚೆನ್ನೈನ ಸವೀತಾ ದಂತ ವೈದ್ಯಕೀಯ ಕಾಲೇಜಿಗೆ ಏಳು ವರ್ಷದ ಹುಡುಗನೊಬ್ಬನನ್ನು ಕರೆತಂದರು. ಕೆಳದವಡೆಯ ಬಲಭಾಗ ಊದಿಕೊಂಡಿತ್ತು. ಶಸ್ತ್ರವೈದ್ಯರು ದವಡೆಯನ್ನು ಮೇಲಿನಿಂದ ಕೊರೆದು, ಚೀಲದಂಥ ಗಂಟೊಂದನ್ನು ಇಡಿಯಾಗಿ ಹೊರತೆಗೆದರು. ಆ ಚೀಲ ಬಿಚ್ಚಿ, ಗಂಟೆಗಟ್ಟಲೆ ಕುಳಿತು, ಒಳಗಿದ್ದುದನ್ನು ಒಂದೊಂದಾಗಿ ಬಿಡಿಸಿ ಎಣಿಸಿದ್ದು ಅದೇ ಕಾಲೇಜಿನ ಓರಲ್ ಪೆಥಾಲಜಿ ವಿಭಾಗ. ಎಣಿಕೆ 526ಕ್ಕೆ ನಿಂತಿತು. ಅಷ್ಟೂ ಹಲ್ಲುಗಳೇ, 0.1 ಮಿ.ಮೀ.ನಿಂದ 15 ಮಿ.ಮೀ.ವರೆಗಿನವು. ಹುಡುಗನ ಬಾಯಲ್ಲಿ 21 ಹಲ್ಲು ಉಳಿದವು.

ಇದು ಕಾಂಪೌಂಡ್ ಒಡಾಂಟೋಮ. ಒಮ್ಮೆ ತೆಗೆದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ದವಡೆಯ ಎಲ್ಲ ಗಂಟುಗಳೂ ಇಷ್ಟು ಸಾಧುವಲ್ಲ. ಯಾವುದು ಸಾಧು, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಬಾಯಿ ಮತ್ತು ದವಡೆಯ ರೋಗಶಾಸ್ತ್ರಜ್ಞರು. ಬಿಡಿಎಸ್ ಆದ ಮೇಲೆ ಮೂರು ವರ್ಷ ಎಂಡಿಎಸ್ ಓದಿದ ಈ ವೈದ್ಯರ ಮುಖವನ್ನು ಹೆಚ್ಚಿನ ರೋಗಿಗಳು ನೋಡಿಯೇ ಇರುವುದಿಲ್ಲ.

ದವಡೆಯಲ್ಲೇ ಇಂಥ ಗಂಟುಗಳೇಕೆ? ಗರ್ಭದ ಆರನೇ ವಾರದ ಹೊತ್ತಿಗೇ ಹಲ್ಲು ಕಟ್ಟುವ ಕೆಲಸ ಶುರುವಾಗುತ್ತದೆ. ಬಾಯಿಯ ಒಳಪದರದಿಂದ ಪಟ್ಟಿಯೊಂದು ದವಡೆಯೊಳಕ್ಕೆ ಇಳಿದು, ಅಲ್ಲಲ್ಲಿ ಮೊಗ್ಗೊಡೆದು, ಮೊದಲು 20 ಹಾಲುಹಲ್ಲನ್ನೂ ಆಮೇಲೆ 32 ಕಾಯಂ ಹಲ್ಲನ್ನೂ ರೂಪಿಸುತ್ತದೆ. ಕೆಲಸವಾದ ಮೇಲೆ ಪಟ್ಟಿ ಕರಗುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಚೂರುಗಳು ಒಸಡಿನಲ್ಲಿ ಉಳಿಯುತ್ತವೆ. ಬೇರು ಬೆಳೆಸಿದ ಪದರದ ಚೂರುಗಳು ಬೇರಿನ ಸುತ್ತಲೇ ಉಳಿಯುತ್ತವೆ. ಈ ಎರಡನೆಯವನ್ನು ಫ್ರಾನ್ಸಿನ ಲೂಯಿ ಮಲಾಸೆ 1885ರಲ್ಲಿ ವಿವರಿಸಿದರು. ಬಹುಪಾಲು ಜನರಲ್ಲಿ ಅವು ಜೀವಮಾನವಿಡೀ ಸುಮ್ಮನಿರುತ್ತವೆ. ಕೆಲವೇ ಕೆಲವರಲ್ಲಿ ಮತ್ತೆ ಬೆಳೆಯತೊಡಗಿ ಸಿಸ್ಟ್ ಅಥವಾ ಗಡ್ಡೆಯಾಗುತ್ತವೆ.

ಅವುಗಳಲ್ಲಿ ಹೆಚ್ಚು ಕಾಡುವುದು ಅಮೆಲೋಬ್ಲಾಸ್ಟೋಮ. ಕೆಳದವಡೆಯ ಹಿಂಭಾಗದಲ್ಲಿ, ಬುದ್ಧಿಹಲ್ಲಿನ ಆಸುಪಾಸಿನಲ್ಲಿ, ನೋವಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ. ನೋವಿಲ್ಲದ ಕಾರಣಕ್ಕೇ ಜನ ತಡವಾಗಿ ಬರುತ್ತಾರೆ. ಎಕ್ಸ್‌ರೇಯಲ್ಲಿ ಮೂಳೆ ಸೋಪಿನ ಗುಳ್ಳೆಗಳ ಹಾಗೆ ಕಾಣುತ್ತದೆ. ಬರೀ ಕೆರೆದು ತೆಗೆದರೆ ಮರಳಿ ಬರುವ ಸಂಭವ ಹೆಚ್ಚು. ಹಾಗಾಗಿ ಸುತ್ತಲಿನ ಒಂದೆರಡು ಸೆಂ.ಮೀ. ಒಳ್ಳೆಯ ಮೂಳೆಯನ್ನೂ ಸೇರಿಸಿ ಕತ್ತರಿಸುತ್ತಾರೆ. ಎಷ್ಟೋ ಸಲ ಕಾಲಿನ ಮೂಳೆ ತಂದು ದವಡೆ ಕಟ್ಟುತ್ತಾರೆ.

ಇದರ ಪಕ್ಕದಲ್ಲೇ ಅಡಿನೋಮಟಾಯ್ಡ್ ಗಡ್ಡೆಯನ್ನು ಇಟ್ಟು ನೋಡಬೇಕು. ಸುಮಾರು ಮೂರನೇ ಎರಡು ಪಾಲು ಪ್ರಕರಣಗಳು ಮೇಲ್ದವಡೆಯಲ್ಲಿ, ಮೂರನೇ ಎರಡು ಪಾಲು ಹುಡುಗಿಯರಲ್ಲಿ. ಮೂಡದೆ ಉಳಿದ ಕೋರೆಹಲ್ಲನ್ನು ಸುತ್ತಿಕೊಂಡಿರುವುದೇ ಹೆಚ್ಚು. ಬಿಡಿಸಿ ತೆಗೆದರೆ ಮರಳುವುದು ತೀರ ಅಪರೂಪ. ಇದನ್ನೂ ಅಮೆಲೋಬ್ಲಾಸ್ಟೋಮದ ಒಂದು ಬಗೆಯೆಂದು ಎಣಿಸಿದ್ದ ಕಾಲವಿತ್ತು. ಆಗ ಕೆಲವರಿಗೆ ಬೇಡದ ದೊಡ್ಡ ಶಸ್ತ್ರಚಿಕಿತ್ಸೆಯೂ ಆಯಿತು. 1969ರಲ್ಲಿ ಫಿಲಿಪ್ಸೆನ್ ಮತ್ತು ಬಿರ್ನ್ ಅದಕ್ಕೆ ಬೇರೆ ಹೆಸರು ಸೂಚಿಸಿದರು. ಒಂದು ಹುಡುಗಿಯ ದವಡೆ ಉಳಿಯುವುದೋ ಹೋಗುವುದೋ ಎಂಬುದು ಗಾಜಿನ ಸ್ಲೈಡನ್ನು ಸರಿಯಾಗಿ ಓದುವುದರ ಮೇಲೆ ನಿಂತಿದೆ.

ಆ ಓದು ಅವಸರದ್ದಲ್ಲ. ಅಂಗಾಂಶವನ್ನು ಫಾರ್ಮಲಿನ್‌ನಲ್ಲಿ ನೆನೆಸಬೇಕು. ಮೂಳೆ, ಹಲ್ಲು ಇದ್ದರೆ ಸುಣ್ಣದಂಶ ಕರಗಿಸಿ ಮೆದು ಮಾಡಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಬಳಿಕ ಮೇಣದ ಬ್ಲಾಕ್ ಮಾಡಿ, ನಾಲ್ಕೈದು ಮೈಕ್ರಾನ್ ತೆಳುವಿಗೆ ಸೀಳಿ, ನೀಲಿ-ಗುಲಾಬಿ ಬಣ್ಣ ಹಾಕುತ್ತಾರೆ. ಅಂಚಿನಲ್ಲಿ ಉದ್ದನೆಯ ಕೋಶಗಳು ಸಾಲುಗಟ್ಟಿ, ಅವುಗಳ ನ್ಯೂಕ್ಲಿಯಸ್‌ಗಳು ತಳದಿಂದ ದೂರ ಸರಿದಿದ್ದರೆ ಅನುಮಾನ ಅಮೆಲೋಬ್ಲಾಸ್ಟೋಮದ ಕಡೆ ತಿರುಗುತ್ತದೆ. ಹೊರಗಿನಿಂದ ಸಾಧಾರಣ ಸಿಸ್ಟ್‌ನಂತೆ ಕಂಡದ್ದರ ಗೋಡೆಯಲ್ಲೂ ಈ ಗಡ್ಡೆ ಅಡಗಿರಬಹುದು. ಆದ್ದರಿಂದಲೇ ದವಡೆಯಿಂದ ತೆಗೆದ ಸಿಸ್ಟನ್ನು ಪರೀಕ್ಷೆಗೆ ಕಳಿಸದೆ ಬಿಸಾಡುವುದು ಕ್ಷಮಿಸಲಾಗದ ತಪ್ಪು.

ಈ ವಿದ್ಯೆಗೆ ಗಟ್ಟಿ ಬುನಾದಿ ಹಾಕಿದವರಲ್ಲಿ ಡೆನ್ಮಾರ್ಕಿನ ಯೆನ್ಸ್ ಪಿಂಡ್‌ಬೋರ್ಗ್ ಪ್ರಮುಖರು. 1950ರ ದಶಕದಲ್ಲಿ ಅವರು ಗುರುತಿಸಿದ ಅಪರೂಪದ ಗಡ್ಡೆಯೊಂದು ಇಂದಿಗೂ ಅವರ ಹೆಸರಿನಲ್ಲಿದೆ. ಹಲ್ಲು ಮೂಲದ ಗಡ್ಡೆಗಳನ್ನು ವಿಂಗಡಿಸಿ ವಿಶ್ವ ಆರೋಗ್ಯ ಸಂಸ್ಥೆ 1971ರಲ್ಲಿ ತಂದ ಮೊದಲ ಪಟ್ಟಿಯಲ್ಲೂ ಅವರ ಕೈಯಿದೆ. ಬೆಂಗಳೂರಿಗೂ ಅವರಿಗೂ ನಂಟಿತ್ತು: ಬಾಯಿಯ ಬಿಳಿ ಮಚ್ಚೆಗಳನ್ನು ಅರಿಯಲು ಇಲ್ಲಿನ ವೈದ್ಯರೊಡನೆ 10,000 ಜನರನ್ನು ಪರೀಕ್ಷಿಸಿ, 1966ರಲ್ಲಿ ವರದಿ ಪ್ರಕಟಿಸಿದರು.

ಸುಮ್ಮನೆ ಕಾಯಿರಿ ಎನ್ನುವುದೂ ಈ ಪರಿಣತಿಯ ಭಾಗ. ಕೆನಡಾದ ಜೋನ್ಸ್ 1933ರಲ್ಲಿ ಒಂದೇ ಮನೆಯ ಮೂವರು ಮಕ್ಕಳಲ್ಲಿ ಕಂಡು ವಿವರಿಸಿದ ಚೆರುಬಿಸಂನಲ್ಲಿ ಎರಡೂ ಕಡೆಯ ದವಡೆ ಉಬ್ಬಿ, ಕೆನ್ನೆ ತುಂಬಿಕೊಂಡು, ಕಣ್ಣುಗಳು ಮೇಲೆ ನೋಡುತ್ತಿರುವಂತೆ ಕಾಣುತ್ತವೆ. ಹೆತ್ತವರು ಹೆದರುತ್ತಾರೆ. ಪ್ರಾಯ ಬಂದ ಮೇಲೆ ಬಹುತೇಕರಲ್ಲಿ ಉಬ್ಬು ತಾನಾಗಿಯೇ ಇಳಿಯತೊಡಗುತ್ತದೆ.

2014ರಲ್ಲಿ ಅಮೆಲೋಬ್ಲಾಸ್ಟೋಮದ ಅನೇಕ ಮಾದರಿಗಳಲ್ಲಿ ಬಿರಾಫ್ ಎಂಬ ಜೀನಿನ ದೋಷ ಪತ್ತೆಯಾಯಿತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆಂದು ಬಂದ ಔಷಧಗಳಿಂದ ಕೆಲವು ರೋಗಿಗಳ ಗಡ್ಡೆ ಕುಗ್ಗಿದೆ. ಈ ದೋಷವನ್ನು ಹುಡುಕಲು ಹಳೆಯ ಮೇಣದ ಬ್ಲಾಕ್ ಸಾಕು. ಗಡ್ಡೆ ಹತ್ತು ವರ್ಷದ ಮೇಲೂ ಮರಳಬಹುದಾದ್ದರಿಂದ ರೋಗಿಗಳು ವರದಿಯನ್ನು ಜೋಪಾನವಾಗಿಡಬೇಕು. ಬೇರೆ ವೈದ್ಯರ ಅಭಿಪ್ರಾಯ ಬೇಕೆನಿಸಿದರೆ ಸ್ಲೈಡ್ ಮತ್ತು ಬ್ಲಾಕನ್ನು ಪ್ರಯೋಗಾಲಯದಿಂದ ಕೇಳಿ ಪಡೆಯಬಹುದು.