ವಿತರಕರ ವಿದೇಶ ಪ್ರವಾಸ: ಮುಂಗಡ ಕಟ್ಟುವ ಮುನ್ನ ಸ್ಥಳ ನೋಡಿ

ಸ್ಪರ್ಧಾತ್ಮಕ ಮಾರುಕಟ್ಟೆಯಲ್ಲಿ ಉತ್ತಮ ಸರಕನ್ನು ತಯಾರಿಸುವುದು ಅರ್ಧ ಕೆಲಸ ಮಾತ್ರ. ಅದನ್ನು ಊರೂರಿನ ಅಂಗಡಿಗೆ ಮುಟ್ಟಿಸುವ ವಿತರಕನ ವಿಶ್ವಾಸವನ್ನು ಉಳಿಸಿಕೊಳ್ಳುವುದು ಉಳಿದ ಅರ್ಧ. ವರ್ಷದ ಗುರಿ ಮುಟ್ಟಿದ ವಿತರಕರನ್ನು ವಿದೇಶ ಪ್ರವಾಸಕ್ಕೆ ಕರೆದೊಯ್ಯುವ ಪದ್ಧತಿ ಈ ಕಾರಣದಿಂದಲೇ ಬೆಳೆದುಬಂದಿದೆ. ಸಿಮೆಂಟ್, ಬಣ್ಣ, ಪಂಪ್‌ಸೆಟ್ ಮುಂತಾದ ದೊಡ್ಡ ಉದ್ಯಮಗಳ ಈ 'ಸ್ಕೀಮ್ ಟೂರ್' ಇಂದು ಸಣ್ಣ ಕೈಗಾರಿಕೆಗಳನ್ನೂ ಆಕರ್ಷಿಸುತ್ತಿದೆ.

ಬೆಂಗಳೂರಿನ ಪಶ್ಚಿಮ ಭಾಗದ ಮೂಡಲಪಾಳ್ಯದಲ್ಲಿ ವಿದ್ಯುತ್ ಸಾಮಗ್ರಿ ತಯಾರಿಸುವ ಘಟಕವೊಂದನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಹಾಸನ, ಮಂಡ್ಯ, ತುಮಕೂರು, ಚಿತ್ರದುರ್ಗಗಳ 40 ಮಂದಿ ವಿತರಕರನ್ನು ತಲಾ 50,000 ರೂಪಾಯಿ ವೆಚ್ಚದಲ್ಲಿ ಕರೆದೊಯ್ದರೆ ಒಟ್ಟು ಖರ್ಚು 20 ಲಕ್ಷ ರೂಪಾಯಿ. ಸಣ್ಣ ಘಟಕಕ್ಕೆ ಇದು ಒಂದು ಹೊಸ ಯಂತ್ರದ ಬೆಲೆ. ಪ್ರವಾಸ ಕೆಟ್ಟರೆ ಹಣವಷ್ಟೇ ಹೋಗುವುದಿಲ್ಲ. ಊಟ ಸಿಗದೆ, ಬಸ್ಸಿನಲ್ಲಿ ಬಳಲಿ ಹಿಂದಿರುಗಿದ ವಿತರಕ ಮುಂದಿನ ವರ್ಷ ಬೇರೆ ತಯಾರಕರ ಸರಕನ್ನು ಮುಂದಿಟ್ಟು ಮಾರಿಯಾನು. ಆದುದರಿಂದ ಮುಂಗಡ ಕಟ್ಟುವ ಮುನ್ನ ಸಂಸ್ಥೆಯ ಇಬ್ಬರು ಹೋಗಿ ಸ್ಥಳ ನೋಡಿ ಬರುವ ಪೂರ್ವ ಪರಿಶೀಲನೆ ಅತ್ಯಗತ್ಯ. ಪ್ರವಾಸೋದ್ಯಮದವರು ಇದನ್ನು 'ರೆಕ್ಕಿ' ಎಂದು ಕರೆಯುತ್ತಾರೆ.

ಹತ್ತಿರದ ದ್ವೀಪ

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಮೂಡಲಪಾಳ್ಯದಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪಲು, ಹೊರವರ್ತುಲ ರಸ್ತೆಯ ದಟ್ಟಣೆಯ ವೇಳೆಯಲ್ಲಿ, ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದುಂಟು. ಅಲ್ಲಿಯ ಗಡಿಯಾರಕ್ಕೂ ಇಲ್ಲಿಯ ಗಡಿಯಾರಕ್ಕೂ ವ್ಯತ್ಯಾಸವಿಲ್ಲ. ಇದೇ ಮೊದಲ ಬಾರಿಗೆ ವಿದೇಶಕ್ಕೆ ಹೊರಟ ಅರವತ್ತರ ಪ್ರಾಯದ ವಿತರಕರಿಗೆ ಇವೆರಡೂ ದೊಡ್ಡ ಅನುಕೂಲಗಳು. ಶ್ರೀಲಂಕಾಕ್ಕೆ ಅತಿ ಹೆಚ್ಚು ಪ್ರವಾಸಿಗರನ್ನು ಕಳುಹಿಸುವ ದೇಶ ಭಾರತವೇ. ಸಮ್ಮೇಳನ ಹಾಗೂ ಪ್ರೋತ್ಸಾಹಕ ಪ್ರವಾಸಗಳನ್ನು ಆಕರ್ಷಿಸಲು ಅಲ್ಲಿ 'ಶ್ರೀಲಂಕಾ ಕನ್ವೆನ್ಷನ್ ಬ್ಯೂರೊ' ಎಂಬ ಸರ್ಕಾರಿ ಸಂಸ್ಥೆಯೇ ಇದೆ.

ಆದರೆ ಹತ್ತಿರವಿದೆ ಎಂದ ಮಾತ್ರಕ್ಕೆ ಪರಿಶೀಲನೆಯನ್ನು ಕೈಬಿಡಬಾರದು. 2019ರ ಏಪ್ರಿಲ್ 21ರಂದು ಈಸ್ಟರ್ ದಿನ ಕೊಲಂಬೊದ ಹೋಟೆಲುಗಳು ಹಾಗೂ ಚರ್ಚುಗಳ ಮೇಲೆ ನಡೆದ ಬಾಂಬ್ ದಾಳಿಯಲ್ಲಿ 250ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅವರಲ್ಲಿ ಲೋಕಸಭಾ ಚುನಾವಣೆಯ ಮತದಾನ ಮುಗಿಸಿ ವಿಶ್ರಾಂತಿಗೆಂದು ತೆರಳಿದ್ದ ಬೆಂಗಳೂರು, ನೆಲಮಂಗಲ ಕಡೆಯ ಕನ್ನಡಿಗರೂ ಇದ್ದರು. 2022ರಲ್ಲಿ ಆರ್ಥಿಕ ಕುಸಿತದಿಂದ ಇಂಧನಕ್ಕೆ ದಿನಗಟ್ಟಲೆ ಸಾಲು ನಿಲ್ಲಬೇಕಾಯಿತು. 2018ರಲ್ಲಿ 23 ಲಕ್ಷ ದಾಟಿದ್ದ ವಿದೇಶಿ ಪ್ರವಾಸಿಗರ ಸಂಖ್ಯೆ ಈ ಆಘಾತಗಳಿಂದಲೂ ಕೋವಿಡ್‌ನಿಂದಲೂ ಕುಸಿದು, 2024ರಲ್ಲಿ ಮತ್ತೆ 20 ಲಕ್ಷ ಮೀರಿತು. 2025ರ ನವೆಂಬರ್ ಕೊನೆಯಲ್ಲಿ 'ದಿತ್ವಾ' ಚಂಡಮಾರುತ ಮಲೆನಾಡಿನ ಭಾಗದಲ್ಲಿ ಭಾರಿ ಭೂಕುಸಿತ ಉಂಟುಮಾಡಿತು. ಕೈಯಲ್ಲಿರುವ ಬಣ್ಣದ ಪುಸ್ತಿಕೆ ಈ ಯಾವ ಸಂಗತಿಯನ್ನೂ ಹೇಳುವುದಿಲ್ಲ. ಹೋಟೆಲಿನ ತುರ್ತು ನಿರ್ಗಮನ ದಾರಿ, ಸಮೀಪದ ಆಸ್ಪತ್ರೆ, ಬೆಟ್ಟದ ರಸ್ತೆಯ ಸ್ಥಿತಿ, ಭಾರತೀಯ ಹೈಕಮಿಷನ್ನಿನ ದೂರವಾಣಿ ಸಂಖ್ಯೆ ಇವನ್ನು ಪರಿಶೀಲಕರೇ ಖಚಿತಪಡಿಸಿಕೊಳ್ಳಬೇಕು. ಪ್ರವಾಸ ರದ್ದಾದರೆ ಮುಂಗಡದಲ್ಲಿ ಎಷ್ಟು ಹಿಂದಿರುಗುತ್ತದೆ ಎಂಬುದು ಒಪ್ಪಂದದಲ್ಲಿ ಬರವಣಿಗೆಯಲ್ಲಿರಬೇಕು.

ತಿಥಿ, ಮಳೆ, ರಸ್ತೆ

ಇಲ್ಲಿಯ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಗುರಿ ಮುಟ್ಟಿದವರ ಪಟ್ಟಿ ಸಿದ್ಧವಾಗುವುದು ಏಪ್ರಿಲ್‌ನಲ್ಲಿ. ಸಹಜವಾಗಿಯೇ ಪ್ರವಾಸ ಏಪ್ರಿಲ್-ಮೇ ತಿಂಗಳಿಗೆ ನಿಗದಿಯಾಗುತ್ತದೆ. ಶ್ರೀಲಂಕಾದಲ್ಲಿ ಏಪ್ರಿಲ್ ನಡುವೆ ಸಿಂಹಳ ಹಾಗೂ ತಮಿಳು ಹೊಸ ವರ್ಷದ ರಜೆ ಬರುತ್ತದೆ. ಅಂಗಡಿಗಳು ಮುಚ್ಚಿರುತ್ತವೆ, ಬೆಟ್ಟದ ಊರುಗಳಲ್ಲಿ ಸ್ಥಳೀಯರೇ ತುಂಬಿರುತ್ತಾರೆ. ಮೇ ತಿಂಗಳಿನಿಂದ ನೈರುತ್ಯ ಮುಂಗಾರು ಕೊಲಂಬೊ, ಗಾಲೆ ಕರಾವಳಿಯನ್ನು ನೆನೆಸತೊಡಗುತ್ತದೆ. ಪಶ್ಚಿಮ ಕರಾವಳಿಗೆ ಹಿತವಾದ ಕಾಲ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಪ್ರವಾಸವನ್ನು ಡಿಸೆಂಬರ್‌ಗೆ ಮುಂದೂಡಿದರೆ ವಿತರಕರ ಉತ್ಸಾಹ ಆರುವುದೇ ಎಂಬುದನ್ನು ಉದ್ಯಮಿಯೇ ತೂಗಿ ನೋಡಬೇಕು.

ಇನ್ನೊಂದು ಸೂಕ್ಷ್ಮವಿದೆ. ಪ್ರತಿ ಹುಣ್ಣಿಮೆಯೂ ಅಲ್ಲಿ 'ಪೋಯ' ಎಂಬ ಸಾರ್ವಜನಿಕ ರಜಾದಿನ. ಅಂದು ಮದ್ಯ ಹಾಗೂ ಮಾಂಸದ ಮಾರಾಟ ನಿಷಿದ್ಧ. ಬಹುಮಾನ ವಿತರಣೆಯ ರಾತ್ರಿಯ ಔತಣ ಹುಣ್ಣಿಮೆಗೆ ಬಿದ್ದರೆ ಏರ್ಪಾಡುಗಳೆಲ್ಲ ಏರುಪೇರಾಗುತ್ತವೆ. ದಿನಾಂಕ ಗೊತ್ತುಪಡಿಸುವ ಮುನ್ನ ಪಂಚಾಂಗ ನೋಡುವ ನಮ್ಮ ಹಿರಿಯರ ರೂಢಿ ಇಲ್ಲಿ ವ್ಯಾಪಾರಕ್ಕೂ ಅನ್ವಯಿಸುತ್ತದೆ.

ದೂರದ ಲೆಕ್ಕವೂ ಮೋಸಗೊಳಿಸುತ್ತದೆ. ಕಟುನಾಯಕದ ವಿಮಾನ ನಿಲ್ದಾಣದಿಂದ ಕೊಲಂಬೊಗೆ 2013ರಲ್ಲಿ ತೆರೆದ ಎಕ್ಸ್‌ಪ್ರೆಸ್ ರಸ್ತೆಯಿದೆ. ಆದರೆ ಕೊಲಂಬೊದಿಂದ ಕ್ಯಾಂಡಿ ಸುಮಾರು 115 ಕಿ.ಮೀ. ಮಾತ್ರವಾದರೂ ಬಸ್ಸಿಗೆ ಮೂರು ಗಂಟೆಗಿಂತ ಹೆಚ್ಚು ಬೇಕು. ಅಲ್ಲಿಂದ ನುವಾರ ಎಲಿಯಕ್ಕೆ ತಿರುವುಗಳ ಘಟ್ಟದ ದಾರಿ. ಅಲ್ಲಿಗೆ ಸಮೀಪದ ಸೀತಾ ಎಲಿಯದ ಸೀತಾದೇವಿ ದೇವಾಲಯವನ್ನು ನೋಡಲು ಕನ್ನಡಿಗರು ಆಸೆಪಡುವುದು ಸಹಜ. ಆದರೆ ನಾಲ್ಕು ದಿನಗಳ ಪ್ರವಾಸದಲ್ಲಿ ಕ್ಯಾಂಡಿ, ನುವಾರ ಎಲಿಯ, ಬೆಂಟೋಟ, ಕೊಲಂಬೊ ಎಲ್ಲವನ್ನೂ ತುರುಕಿದರೆ ಪ್ರವಾಸವೆಲ್ಲ ಬಸ್ಸಿನಲ್ಲೇ ಕಳೆಯುತ್ತದೆ. ಪರಿಶೀಲಕರು ಕಾರಿನಲ್ಲಿ ಹೋಗದೆ, ತಂಡ ಹೋಗುವಂಥ ಬಸ್ಸಿನಲ್ಲಿ, ತಂಡ ಹೋಗುವ ಹೊತ್ತಿಗೇ ಪ್ರಯಾಣಿಸಿ ಗಡಿಯಾರ ನೋಡಿಕೊಳ್ಳಬೇಕು.

ಊಟವೇ ಪರೀಕ್ಷೆ

ವಿತರಕರಲ್ಲಿ ಕಟ್ಟಾ ಸಸ್ಯಾಹಾರಿಗಳು ಅನೇಕರು. ಅನ್ನ, ತೆಂಗಿನಕಾಯಿ, ಬೇಳೆಸಾರಿನ ಲಂಕೆಯ ಊಟ ಕನ್ನಡಿಗರ ನಾಲಿಗೆಗೆ ಹತ್ತಿರವೇ. ಆದರೆ ಅಲ್ಲಿಯ ತರಕಾರಿ ಪಲ್ಯಕ್ಕೂ ಕಾಯಿ ಸಂಬಲಕ್ಕೂ 'ಉಂಬಲಕಡ' ಎಂಬ ಒಣಮೀನಿನ ಚೂರನ್ನು ಬೆರೆಸುವುದು ಸಾಮಾನ್ಯ. 'ತರಕಾರಿ ಊಟ' ಎಂದು ಹೇಳಿದರೆ ಸಾಲದು. ಉಂಬಲಕಡ ಬೇಡ ಎಂದು ಹೆಸರಿಟ್ಟೇ ಹೇಳಿ, ಅಡುಗೆಯವರೊಡನೆ ಮಾತನಾಡಿ, ಪಾತ್ರೆ-ಸೌಟುಗಳು ಪ್ರತ್ಯೇಕವೇ ಎಂದು ನೋಡಬೇಕು. ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರಿಗೆ ಏನು ದೊರೆಯುತ್ತದೆ ಎಂದು ಕೇಳಬೇಕು. ತಮಿಳರು ಹೆಚ್ಚಾಗಿರುವ ಕೊಲಂಬೊದ ವೆಳ್ಳವತ್ತೆ ಭಾಗದಲ್ಲಿ ಇಡ್ಲಿ-ದೋಸೆಯ ಸಸ್ಯಾಹಾರಿ ಹೋಟೆಲುಗಳಿವೆ; ಆ ವಿಳಾಸಗಳು ಕೈಯಲ್ಲಿರುವುದು ಒಳಿತು. ಕ್ಯಾಂಡಿಯ ದಂತಧಾತು ದೇಗುಲದಲ್ಲಿ ಮೊಣಕಾಲು, ಭುಜ ಮುಚ್ಚುವ ಉಡುಪು ಕಡ್ಡಾಯ. ಬುದ್ಧನ ವಿಗ್ರಹಕ್ಕೆ ಬೆನ್ನು ಮಾಡಿ ಛಾಯಾಚಿತ್ರ ತೆಗೆಸಿಕೊಳ್ಳುವುದು ಅಪಚಾರ. ಇವನ್ನು ಹೊರಡುವ ಮುನ್ನವೇ ತಿಳಿಸಬೇಕು.

ಕಾಗದ ಹಾಗೂ ತೆರಿಗೆ

ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಕರ್ನಾಟಕದಲ್ಲಿ ಇನಿಷಿಯಲ್ ಬಳಸುವವರೇ ಹೆಚ್ಚಾದ್ದರಿಂದ ಉಪನಾಮದ ಅಂಕಣ ಖಾಲಿ ಇರುವುದುಂಟು. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಒಂದೇ ಹೆಸರಿನ ಪಾಸ್‌ಪೋರ್ಟ್ ಹೊಂದಿದ ಪ್ರವಾಸಿಗರಿಗೆ ಪ್ರವೇಶವಿಲ್ಲವೆಂದಿತು. ದುಬೈ ಯೋಜಿಸುವವರು ಇದನ್ನು ಮೊದಲೇ ಪರಿಶೀಲಿಸಬೇಕು. ವೀಸಾ ನಿಯಮಗಳು ಎಲ್ಲ ದೇಶಗಳಲ್ಲಿಯೂ ಬದಲಾಗುತ್ತಿರುವುದರಿಂದ ಹಳೆಯ ಅನುಭವವನ್ನು ನಂಬಬಾರದು.

ಸಣ್ಣ ಉದ್ಯಮಿಗಳು ಬಹುತೇಕ ಮರೆಯುವುದು ತೆರಿಗೆಯನ್ನು. ವ್ಯಾಪಾರ ಸಂಬಂಧದಿಂದ ದೊರೆಯುವ ಸೌಲಭ್ಯದ ಮೌಲ್ಯ ವರ್ಷಕ್ಕೆ 20,000 ರೂಪಾಯಿ ಮೀರಿದರೆ ಶೇಕಡ 10ರಷ್ಟು ತೆರಿಗೆಯನ್ನು ಮೂಲದಲ್ಲಿ ಕಡಿತಗೊಳಿಸಬೇಕೆಂಬ 194ಆರ್ ಕಲಮು 2022ರ ಜುಲೈ 1ರಂದು ಜಾರಿಗೆ ಬಂದಿತು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಈ ತತ್ತ್ವ ಉಳಿದಿದೆ. ಗುರಿ ಮುಟ್ಟಿದ್ದಕ್ಕಾಗಿ ನೀಡುವ ಪ್ರವಾಸ ಇದರ ವ್ಯಾಪ್ತಿಗೆ ಬರುತ್ತದೆಂದು 2022ರ 12ನೇ ಸುತ್ತೋಲೆ ಸ್ಪಷ್ಟಪಡಿಸಿತು. ಮೇಲಿನ ಉದಾಹರಣೆಯಲ್ಲಿ ತಲಾ 5,000 ರೂಪಾಯಿ. ಸೌಲಭ್ಯ ವಸ್ತುರೂಪದಲ್ಲಿರುವುದರಿಂದ ಈ ತೆರಿಗೆ ಪಾವತಿಯಾದುದನ್ನು ಪ್ರವಾಸಕ್ಕೆ ಮೊದಲೇ ಖಚಿತಪಡಿಸಿಕೊಳ್ಳುವ ಹೊಣೆ ಸಂಸ್ಥೆಯದು. ಹೊಸ ಸರಕಿನ ಪರಿಚಯ, ಮಾರಾಟ ತರಬೇತಿಗಳೇ ಮುಖ್ಯ ಉದ್ದೇಶವಾದ, ಗುರಿ ಮುಟ್ಟಿದವರಿಗೆ ಮಾತ್ರ ಸೀಮಿತವಲ್ಲದ ವಿತರಕರ ಸಮ್ಮೇಳನಕ್ಕೆ ಇದು ಅನ್ವಯಿಸದು. ಆದರೆ ವಿಹಾರದ ಭಾಗಕ್ಕೂ ಜೊತೆಗೆ ಬರುವ ಕುಟುಂಬದವರ ಖರ್ಚಿಗೂ ಆ ವಿನಾಯಿತಿ ಇಲ್ಲ. ಲೆಕ್ಕಪರಿಶೋಧಕರನ್ನು ಯೋಜನೆಯ ಮೊದಲ ದಿನವೇ ಕೇಳುವುದು ಲೇಸು. ತೆರಿಗೆಯ ಹೊರೆ ಯಾರದೆಂಬುದನ್ನು ಸ್ಕೀಮ್ ಪ್ರಕಟಿಸುವಾಗಲೇ ವಿತರಕರಿಗೆ ತಿಳಿಸದಿದ್ದರೆ, ಬಹುಮಾನವೇ ಮನಸ್ತಾಪಕ್ಕೆ ಕಾರಣವಾದೀತು.

ಇಬ್ಬರು ಮೂರು ರಾತ್ರಿ ತಂಗಿ ನೋಡಿ ಬರುವ ಖರ್ಚು ಒಟ್ಟು ವೆಚ್ಚದ ಚಿಕ್ಕ ಅಂಶ. ಆ ಇಬ್ಬರಲ್ಲಿ ಒಬ್ಬರು ವಿತರಕರ ಊರುಗಳನ್ನು ಸುತ್ತುವ ಮಾರಾಟ ಪ್ರತಿನಿಧಿಯಾಗಿರುವುದು ಉತ್ತಮ. ಹಾಸನದ ಯಜಮಾನರಿಗೆ ಬೆಳಿಗ್ಗೆ ಆರಕ್ಕೆ ಕಾಫಿ ಬೇಕು, ಚಿತ್ರದುರ್ಗದವರಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು ಎಂಬುದು ಅವರಿಗೆ ಗೊತ್ತಿರುತ್ತದೆ. ವಿತರಕನನ್ನು ಬಲ್ಲವರು ಸ್ಥಳ ನೋಡಿ ಬಂದಾಗ ಮಾತ್ರ ಪ್ರವಾಸಕ್ಕೆ ಹಾಕಿದ ಹಣ ವ್ಯಾಪಾರಕ್ಕೆ ಹಾಕಿದ ಬಂಡವಾಳವಾಗುತ್ತದೆ.