ಪಶುಶಸ್ತ್ರವೈದ್ಯದಲ್ಲಿ ಇಕ್ಕುಳಗಳು

ಶಸ್ತ್ರಚಿಕಿತ್ಸೆಯೆಂದೊಡನೆ ನಮ್ಮ ನೆನಪಿಗೆ ಬರುವುದು ಕೊಯ್ಯುವ ಅಲಗು. ಆದರೆ ಕೊಯ್ಯಬೇಕಾದ ಭಾಗವನ್ನು ಹಿಡಿದು ನಿಲ್ಲಿಸುವ ಇಕ್ಕುಳವಿಲ್ಲದೆ ಅಲಗಿನ ಕಾರ್ಯ ಪೂರ್ಣವಾಗದು. ರೋಗಿಯು ಮಾತು ಕೇಳಿ ಸುಮ್ಮನಿರಲಾರದ ಪಶುವೈದ್ಯಕ್ಕೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ಸುಶ್ರುತಸಂಹಿತೆಯು 101 ಯಂತ್ರಗಳನ್ನು ಆರು ವರ್ಗಗಳಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಸ್ವಸ್ತಿಕಯಂತ್ರಗಳು 24. ಇವು 18 ಅಂಗುಲ ಉದ್ದವಾಗಿ, ಸಿಂಹ, ಹುಲಿ, ಕಾಗೆ ಮೊದಲಾದ ಮೃಗಪಕ್ಷಿಗಳ ಮುಖವನ್ನು ಹೋಲುವ, ಮಸೂರಾಕಾರದ ಕೀಲಿನಿಂದ ಬಂಧಿತವಾದ ಇಕ್ಕುಳಗಳು. ಎಲುಬಿನಲ್ಲಿ ನಾಟಿದ ಶಲ್ಯವನ್ನು ಕೀಳುವುದಕ್ಕೆ ಇವು ವಿಹಿತವಾಗಿವೆ. ಚರ್ಮ, ಮಾಂಸ, ಸಿರೆ, ಸ್ನಾಯುಗಳಿಂದ ಶಲ್ಯವನ್ನು ತೆಗೆಯುವುದಕ್ಕೆ 16 ಅಂಗುಲದ ಎರಡು ಸಂದಂಶಗಳುಂಟು. ಆ ಗ್ರಂಥವು ಮನುಷ್ಯರ ಚಿಕಿತ್ಸೆಗೆ ಸಂಬಂಧಿಸಿದುದು. ಆದರೂ ಹಿಡಿಯುವ ಸಾಧನವನ್ನು ಹಿಡಿಯಬೇಕಾದ ಧಾತುವಿಗೆ ಅನುಗುಣವಾಗಿ ಆರಿಸಬೇಕೆಂಬ ಈ ತತ್ತ್ವ ಇಂದಿನ ಪಶುವೈದ್ಯಕ್ಕೂ ಅನ್ವಯಿಸುತ್ತದೆ.

ಹಿಡಿತವನ್ನು ಕೈಯ ಆಯಾಸದಿಂದ ಬಿಡಿಸಿದುದು ಹಲ್ಲುಕಟ್ಟಿನ ರಕ್ತನಾಳದ ಇಕ್ಕುಳ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಪೇಯಾನ್, ಇಂಗ್ಲೆಂಡಿನ ಸ್ಪೆನ್ಸರ್ ವೆಲ್ಸ್ ಮೊದಲಾದವರು ಇದನ್ನು ಪ್ರಚಾರಕ್ಕೆ ತಂದರು. ಬೆರಳುಂಗುರಗಳ ಸಮೀಪದ ಹಲ್ಲುಗಳು ಒಂದರೊಳಗೊಂದು ಕೂಡಿಕೊಂಡ ಮೇಲೆ, ಕೈ ತೆಗೆದರೂ ಹಿಡಿತ ಸಡಿಲವಾಗದು, ರಕ್ತಸ್ರಾವ ನಿಲ್ಲುವುದು. ಆದರೆ ನಾಳವನ್ನು ಅದುಮುವ ಈ ಸಾಧನದಿಂದಲೇ ಕರುಳನ್ನು ಹಿಡಿದರೆ ಆ ಭಾಗ ಜಜ್ಜಿ ನಿರ್ಜೀವವಾಗಬಹುದು. ಆದುದರಿಂದ ಕರುಳಿಗೆ ಬ್ಯಾಬ್‌ಕಾಕ್ ಎಂಬ ಹಲ್ಲಿಲ್ಲದ ಇಕ್ಕುಳವನ್ನೂ, ಗಟ್ಟಿಯಾದ ಪೊರೆಗಳಿಗೆ ಸಣ್ಣ ಹಲ್ಲುಗಳುಳ್ಳ ಆಲಿಸ್ ಇಕ್ಕುಳವನ್ನೂ ಬಳಸುವರು.

ಪಶುವೈದ್ಯಕ್ಕೇ ವಿಶಿಷ್ಟವಾದುದು ಇಟಲಿಯ ಪಶುವೈದ್ಯ ಬರ್ಡಿಜೊ 20ನೆಯ ಶತಮಾನದ ಆದಿಭಾಗದಲ್ಲಿ ನಿರ್ಮಿಸಿದ ದೊಡ್ಡ ಇಕ್ಕುಳ. ಹೋರಿಯ ಬೀಜದ ಹುರಿಯನ್ನು ಇದು ಚರ್ಮದ ಹೊರಗಿನಿಂದಲೇ ಅದುಮಿ ಜಜ್ಜುತ್ತದೆ. ಚರ್ಮವನ್ನು ಸೀಳದಿರುವುದರಿಂದ ಗಾಯಕ್ಕೆ ನೊಣ ಮುತ್ತುವ, ಕೀವಾಗುವ ಭಯ ಕಡಿಮೆ. ಇಲ್ಲಿ ಜಜ್ಜುವುದೇ ಉದ್ದೇಶ. ಕರುಳಿನಲ್ಲಿ ಅದೇ ದೋಷ.

ಈ ವಿವೇಕದ ಬೆಲೆ ಹಸುವಿನ ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಸ್ಪಷ್ಟವಾಗುತ್ತದೆ. ಮೇವಿನೊಡನೆ ತಂತಿ, ಮೊಳೆ, ಪ್ಲಾಸ್ಟಿಕ್ ಚೀಲಗಳನ್ನು ನುಂಗಿದ ಹಸುವಿನ ಮೊದಲನೆಯ ಹೊಟ್ಟೆಯನ್ನು ತೆರೆಯಬೇಕಾದಾಗ, ಅದರ ಗೋಡೆಯನ್ನು ಇಕ್ಕುಳಗಳಿಂದಲೋ ಹೊಲಿಗೆಯಿಂದಲೋ ಚರ್ಮದ ಅಂಚಿಗೆ ಭದ್ರಪಡಿಸಿದ ಮೇಲೆಯೇ ಕೊಯ್ಯುತ್ತಾರೆ. ಹಿಡಿತ ಜಾರಿದರೆ ಒಳಗಿನ ಹುದುಗಿದ ಮೇವು ಉದರಕುಹರಕ್ಕೆ ಸುರಿದು, ಅಲ್ಲಿ ಉಂಟಾಗುವ ಉರಿಯೂತದಿಂದ ಹಸು ಸಾಯಬಹುದು. ಒಂದೇ ಹಸುವನ್ನು ನಂಬಿದ ಸಂಸಾರಕ್ಕೆ ಇದು ಜೀವನೋಪಾಯದ ಪ್ರಶ್ನೆ. ಅಲಗು ಎಷ್ಟು ಹರಿತವೆಂಬುದರಷ್ಟೇ, ಇಕ್ಕುಳ ಯಾವುದೆಂಬುದೂ ಅಲ್ಲಿ ಮುಖ್ಯ.